ಅಣೆಕಟ್ಟಿನ ನೀರಿನ ವರದಿಯಲ್ಲಿ ಪಾಚಿಗೂ ಒಂದು ಕಾಲಂ ಕೊಡಿ

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅಧ್ಯಕ್ಷರಿಗೆ ಮತ್ತು ಸದಸ್ಯರಿಗೆ, ಬೀದರ್, ಕಲಬುರಗಿ, ಯಾದಗಿರಿಯ ಜಿಲ್ಲಾಧಿಕಾರಿಗಳಿಗೆ,

ಬೀದರ್ ಕಡೆಯ ಒಬ್ಬ ಮಾಸ್ತರನ ನಮಸ್ಕಾರಗಳು.

ನಿಮ್ಮ ಟೇಬಲ್ಲಿಗೆ ಬರುವ ಅರ್ಜಿಗಳಲ್ಲಿ ಹೆಚ್ಚಿನವು ರಸ್ತೆ, ಶಾಲೆ ಕೋಣೆ, ಸಮುದಾಯ ಭವನದ್ದು. ನನ್ನದು ಪಾಚಿಯ ಅರ್ಜಿ. ನಗು ಬಂದರೆ ನಕ್ಕುಬಿಡಿ, ಆಮೇಲೆ ಪೂರ್ತಿ ಓದಿ.

ಕೇಳುವುದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮೂರು ಜಿಲ್ಲೆಗಳಲ್ಲಿ ಜನ ಕುಡಿಯಲಿಕ್ಕೆ ನೀರು ಎತ್ತುವ ಜಲಾಶಯಗಳಿವೆ. ಅವುಗಳ ನೀರನ್ನು ತಿಂಗಳಿಗೊಮ್ಮೆ ಸೂಕ್ಷ್ಮದರ್ಶಕದಲ್ಲಿ ನೋಡಿಸಿ. ಅದರಲ್ಲಿ ಯಾವ ಯಾವ ಪಾಚಿ ಇದೆ, ಎಷ್ಟಿದೆ ಅಂತ ಎಣಿಸಿ ಬರೆದಿಡಿಸಿ. ಬರೆದದ್ದನ್ನು ಜನರಿಗೆ ತೋರಿಸಿ. ನಾನು ಸಸ್ಯಶಾಸ್ತ್ರ ಪಾಠ ಹೇಳುವವನು. ಪಾಚಿ ಬಗ್ಗೆ ನನಗೆ ಪ್ರೀತಿ ಸ್ವಲ್ಪ ಜಾಸ್ತಿ ಅಂತ ಇಟ್ಟುಕೊಳ್ಳಿ. ಆದರೆ ಈ ಪತ್ರ ಬರೆಯಲು ಕಾರಣ ಆ ಪ್ರೀತಿ ಅಲ್ಲ, ಕುಡಿಯುವ ನೀರು.

ಬೀದರ್ ನಗರ ಕುಡಿಯುವುದು ಮುಖ್ಯವಾಗಿ ಕಾರಂಜಾ ನೀರು. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿ ಹತ್ತಿರ ಕಟ್ಟಿದ ಆ ಜಲಾಶಯದಲ್ಲಿ ಸುಮಾರು 7.69 ಟಿಎಂಸಿ ನೀರು ನಿಲ್ಲುತ್ತದೆ. ಕಲಬುರಗಿ ನಗರಕ್ಕೆ ಭೀಮಾ ನದಿಯಿಂದಲೂ ಬೆಣ್ಣೆತೊರಾದಿಂದಲೂ ನೀರು ಬರುತ್ತದೆ. ಯಾದಗಿರಿ ಜಿಲ್ಲೆಯ ಅಂಚಿನಲ್ಲಿ ಕೃಷ್ಣೆಗೆ ಕಟ್ಟಿದ ನಾರಾಯಣಪುರದ ಬಸವಸಾಗರ ಇದೆ, 33.31 ಟಿಎಂಸಿಯದ್ದು. ಆಳಂದ ಕಡೆ ಅಮರ್ಜಾ, ಚಿಂಚೋಳಿ ಕಡೆ ಚಂದ್ರಂಪಳ್ಳಿ ಮತ್ತು ಕೆಳದಂಡೆ ಮುಲ್ಲಾಮಾರಿ, ಯಾದಗಿರಿ ಹತ್ತಿರ ಹತ್ತಿಕುಣಿ, ಸೌದಾಗರ್. ಮಳೆಗಾಲದಲ್ಲಿ ಇವು ಎಷ್ಟು ಅಡಿ ತುಂಬಿದವು, ಎಷ್ಟು ಗೇಟ್ ಎತ್ತಿದರು, ಎಷ್ಟು ಕ್ಯೂಸೆಕ್ ಬಿಟ್ಟರು ಅನ್ನುವುದು ಬೆಳಗ್ಗೆ ಚಹಾ ಕುಡಿಯುವ ಹೊತ್ತಿಗೆ ಪೇಪರಿನಲ್ಲಿ ಸಿಗುತ್ತದೆ. ಆ ನೀರಿನೊಳಗೆ ಏನು ಬದುಕಿದೆ ಅನ್ನುವುದು ಮಾತ್ರ ಎಲ್ಲಿಯೂ ಸಿಗುವುದಿಲ್ಲ.

ನೀರು ಪರೀಕ್ಷೆ ಆಗುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಆಗುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಬಳಕೆಯ ಪ್ರಕಾರ ನೀರನ್ನು ಐದು ದರ್ಜೆ ಮಾಡಿದೆ. ಘಟಕದಲ್ಲಿ ಸೋಸಿ, ಕ್ಲೋರಿನ್ ಹಾಕಿ ಕುಡಿಯಬಹುದಾದ ಮೂಲಕ್ಕೆ ಸಿ ದರ್ಜೆ. ಅದಕ್ಕೆ ಕರಗಿದ ಆಮ್ಲಜನಕ ಲೀಟರಿಗೆ 4 ಮಿಲಿಗ್ರಾಂಗಿಂತ ಕಡಿಮೆ ಇರಬಾರದು, ಬಿಒಡಿ (ನೀರಿನ ಕೊಳಕು ಕೊಳೆಯಲು ಬೇಕಾಗುವ ಆಮ್ಲಜನಕ) 3 ಮಿಲಿಗ್ರಾಂ ದಾಟಬಾರದು, ಪಿಎಚ್ 6ರಿಂದ 9ರ ಒಳಗಿರಬೇಕು, ಹೊಲಸಿನ ಸುಳಿವು ಕೊಡುವ ಕೋಲಿಫಾರ್ಮ್ ಬ್ಯಾಕ್ಟೀರಿಯಾ 100 ಮಿಲಿಲೀಟರಿಗೆ 5,000 ದಾಟಬಾರದು. ಎ ದರ್ಜೆಗೆ ಆಮ್ಲಜನಕ 6 ಮಿಲಿಗ್ರಾಂ ಬೇಕು. ಒಳ್ಳೆಯ ಪಟ್ಟಿಯೇ. ತೊಂದರೆ ಇರುವುದು ಇನ್ನೊಂದು ಕಡೆ.

ಪಾಚಿ ದಟ್ಟವಾಗಿ ಬೆಳೆದ ಒಂದು ಜಲಾಶಯಕ್ಕೆ ನಿಮ್ಮ ಸಿಬ್ಬಂದಿ ಬಾಟಲಿ ಹಿಡಿದು ಹೋಗುತ್ತಾರೆ ಅಂತ ಇಟ್ಟುಕೊಳ್ಳಿ. ಊರಿಂದ ಜೀಪು ಹೊರಟು ಅಲ್ಲಿ ಮುಟ್ಟುವಾಗ ಮಧ್ಯಾಹ್ನ ಹನ್ನೆರಡು. ಬಿಸಿಲು ಚುರುಚುರು ಅನ್ನುತ್ತಿರುತ್ತದೆ. ಆ ಹೊತ್ತಿಗೆ ಪಾಚಿ ಬಿಸಿಲು ಕುಡಿದು ಆಮ್ಲಜನಕ ಬಿಡುತ್ತಲೇ ಇರುತ್ತದೆ. 30 ಡಿಗ್ರಿ ಬಿಸಿಯ ನೀರು ಗಾಳಿಯಿಂದ ಹಿಡಿದುಕೊಳ್ಳುವುದು ಲೀಟರಿಗೆ ಸುಮಾರು 7.5 ಮಿಲಿಗ್ರಾಂ ಆಮ್ಲಜನಕ. ಪಾಚಿ ತುಂಬಿದ ನೀರಿನಲ್ಲಿ ಮಧ್ಯಾಹ್ನ ಅದು 10 ದಾಟಿ ಹೋಗುತ್ತದೆ. ಆಮ್ಲಜನಕದ ಕಾಲಂ ನೋಡಿದರೆ ನೀರು ಎ ದರ್ಜೆಗೂ ಮೇಲು! ಅದೇ ನೀರನ್ನು ಬೆಳಗಿನ ಜಾವ ಐದಕ್ಕೆ ಅಳೆದು ನೋಡಿ. ರಾತ್ರಿಯೆಲ್ಲ ಪಾಚಿಯೂ ಉಸಿರಾಡಿರುತ್ತದೆ, ಸತ್ತ ಪಾಚಿಯನ್ನು ಕೊಳೆಸುವ ಬ್ಯಾಕ್ಟೀರಿಯಾವೂ ಉಸಿರಾಡಿರುತ್ತವೆ. ಆಮ್ಲಜನಕ ನೆಲ ಕಚ್ಚಿರುತ್ತದೆ. ಮೀನುಗಾರರಿಗೆ ಇದು ಚೆನ್ನಾಗಿ ಗೊತ್ತು. ನಸುಕಿನಲ್ಲಿ ಮೀನು ಮೇಲೆ ಬಂದು ಬಾಯಿ ತೆರೆದು ಗಾಳಿ ಎಳೆಯುವುದನ್ನು ಅವರು ನೋಡಿರುತ್ತಾರೆ. ಆ ಹೊತ್ತಿಗೆ ಯಾವ ಜೀಪೂ ಬರುವುದಿಲ್ಲ.

ಪಾಚಿಗೆ ಗೊಬ್ಬರವಾಗುವ ರಂಜಕದ್ದೂ (ಫಾಸ್ಫರಸ್) ಇದೇ ಕತೆ. ನೀರಿನಲ್ಲಿ ಕರಗಿದ ಫಾಸ್ಫೇಟ್ ಎಷ್ಟಿದೆ ಅಂತ ನೋಡಿದರೆ ಕೆಲವೊಮ್ಮೆ ಬಹಳ ಕಡಿಮೆ ಬರುತ್ತದೆ. ಯಾಕೆಂದರೆ ಅಷ್ಟನ್ನೂ ಪಾಚಿ ತಿಂದು ಮುಗಿಸಿರುತ್ತದೆ. ಫಾಸ್ಫೇಟ್ ಹೋಗಿಲ್ಲ, ಪಾಚಿಯ ಹೊಟ್ಟೆಯಲ್ಲಿ ಕೂತಿದೆ. ಹೀಗೆ ನೀರು ಕೆಟ್ಟಷ್ಟೂ ಒಂದೆರಡು ಕಾಲಂಗಳು ಚೆಂದ ಕಾಣುವ ವಿಚಿತ್ರ ಪರಿಸ್ಥಿತಿ ಬರುತ್ತದೆ. ಬಾಟಲಿಯೊಳಗಿನ ರಸಾಯನ ಹೇಳುವುದು ಆ ಕ್ಷಣದ ಮಾತು. ಅಲ್ಲೇ ಹುಟ್ಟಿ ಅಲ್ಲೇ ಬೆಳೆದ ಪಾಚಿ ಹೇಳುವುದು ಕಳೆದ ಕೆಲವು ದಿನ, ಕೆಲವು ವಾರ ಆ ನೀರು ಹೇಗಿತ್ತು ಅನ್ನುವುದನ್ನು.

ಈಗ ಪಾಚಿ ಅಂದರೆ ಏನು ಅಂತ ಸ್ವಲ್ಪ ಹೇಳಬೇಕು. ಬಾವಿ ಮೆಟ್ಟಿಲ ಮೇಲೆ ಕಾಲು ಜಾರಿಸುವ ಹಸಿರು ಲೋಳೆ ಮಾತ್ರ ಪಾಚಿ ಅಲ್ಲ. ನೋಡಲು ತಿಳಿಯಾಗಿರುವ ನೀರಿನಲ್ಲೂ ಕಣ್ಣಿಗೆ ಕಾಣದ ಪಾಚಿ ತೇಲುತ್ತಿರುತ್ತದೆ. ಒಂದು ಹನಿ ಸ್ಲೈಡ್ ಮೇಲೆ ಹಾಕಿ, 400 ಪಟ್ಟು ದೊಡ್ಡದು ಮಾಡಿ ನೋಡಿದರೆ ಒಂದು ಊರೇ ಕಾಣುತ್ತದೆ. ದೋಣಿ ಆಕಾರದ ನ್ಯಾವಿಕ್ಯುಲ ಕಂದು ಬಣ್ಣದಲ್ಲಿ ಮೆಲ್ಲಗೆ ಜಾರುತ್ತಾ ಹೋಗುತ್ತದೆ, ಏನಾದರೂ ಅಡ್ಡ ಸಿಕ್ಕರೆ ತಿರುಗದೆ ಹಾಗೇ ಹಿಂದಕ್ಕೆ ಬರುತ್ತದೆ. ಅದು ಡಯಾಟಮ್. ಅದರ ಚಿಪ್ಪು ಗಾಜಿನದ್ದು, ಅಂದರೆ ಸಿಲಿಕಾದ್ದು. ಆ ಚಿಪ್ಪಿನ ಮೇಲಿನ ಗೆರೆ ಎಣಿಸಿಯೇ ಜಾತಿ ಗುರುತಿಸುತ್ತಾರೆ. ನಾಲ್ಕು ಕೋಶ ಸಾಲಾಗಿ ನಿಂತು ತುದಿಯಲ್ಲಿ ಮುಳ್ಳು ಬಿಟ್ಟುಕೊಂಡದ್ದು ಸೆನೆಡೆಸ್ಮಸ್. ಕೆಂಪು ಕಣ್ಣಿನ ಚುಕ್ಕೆ ಹೊತ್ತು ಮೈ ತಿರುಚುತ್ತಾ ಈಜುವುದು ಯೂಗ್ಲೀನಾ. ಮೊದಲ ಸಲ ನೋಡಿದ ಹುಡುಗರು ಐಪೀಸ್ ಬಿಟ್ಟು ಏಳುವುದಿಲ್ಲ, ಹಿಂದಿನವರು ಜಗಳ ತೆಗೆಯುತ್ತಾರೆ.

ಈ ಊರಿನಲ್ಲಿ ಎಲ್ಲರೂ ಎಲ್ಲ ನೀರಿನಲ್ಲಿ ಬದುಕುವುದಿಲ್ಲ. ಡೆಸ್ಮಿಡ್ ಅನ್ನುವ ಅಂದದ ಹಸಿರು ಪಾಚಿಗಳಲ್ಲಿ ಹೆಚ್ಚಿನವಕ್ಕೆ ಗೊಬ್ಬರ ಕಡಿಮೆ ಇರುವ, ಮೆದುವಾದ ನೀರು ಬೇಕು. ಯೂಗ್ಲೀನಾಗೆ ಕೊಳೆತ ಸಾವಯವ ವಸ್ತು ಇದ್ದ ಕಡೆ ಹಬ್ಬ. ನಿಟ್ಶಿಯಾ ಅನ್ನುವ ಡಯಾಟಮ್‌ನ ಹಲವು ಜಾತಿಗಳು ಚರಂಡಿ ನೀರನ್ನು ತಾಳಿಕೊಳ್ಳುತ್ತವೆ. ಯಾರು ಬಂದಿದ್ದಾರೆ, ಯಾರು ಊರು ಬಿಟ್ಟಿದ್ದಾರೆ ಅಂತ ನೋಡಿದರೆ ನೀರಿನ ಆರೋಗ್ಯ ತಿಳಿಯುತ್ತದೆ.

ಇದೇನು ನನ್ನ ತಲೆಗೆ ಹೊಳೆದದ್ದಲ್ಲ. ಜರ್ಮನಿಯ ಕೋಲ್ಕ್‌ವಿಟ್ಸ್ ಮತ್ತು ಮಾರ್ಸನ್ 1908ರಲ್ಲೇ ಯಾವ ಸಸ್ಯ ಎಷ್ಟು ಕೊಳೆಯನ್ನು ತಾಳುತ್ತದೆ ಅಂತ ಪಟ್ಟಿ ಮಾಡಿದರು. ಅಮೆರಿಕದ ರೂತ್ ಪ್ಯಾಟ್ರಿಕ್ ಅನ್ನುವ ಹೆಣ್ಣುಮಗಳು ಡಯಾಟಮ್‌ಗಳನ್ನೇ ಹಿಡಿದು ಹೊಳೆಗಳ ಆರೋಗ್ಯ ಅಳೆದರು. ಯುರೋಪಿಯನ್ ಒಕ್ಕೂಟ 2000ದಲ್ಲಿ ಮಾಡಿದ ನೀರಿನ ಕಾನೂನಿನಲ್ಲಿ ತೇಲುವ ಪಾಚಿಯನ್ನೂ ಕಲ್ಲಿಗೆ ಅಂಟಿದ ಪಾಚಿಯನ್ನೂ ನೋಡುವುದು ಸದಸ್ಯ ದೇಶಗಳಿಗೆ ಕಡ್ಡಾಯದ ಭಾಗ. ನಮ್ಮ ದೇಶವೇನೂ ಹಿಂದೆ ಇರಲಿಲ್ಲ. ದೇಶಿಕಾಚಾರಿ ನೀಲಿ-ಹಸಿರು ಪಾಚಿಗಳನ್ನು 1959ರ ಹೊತ್ತಿಗೇ ವಿಂಗಡಿಸಿ ಇಟ್ಟಿದ್ದರು. ಎಚ್.ಪಿ. ಗಾಂಧಿ ಅವರು ಜೋಗದ ನೀರಿನ ಡಯಾಟಮ್‌ಗಳನ್ನೂ ಬಿಡದೆ ನೋಡಿದವರು. ನಮ್ಮಲ್ಲಿ ವಿದ್ಯೆ ಇತ್ತು, ಅದು ಕಚೇರಿಯ ಫಾರಂಗೆ ಬರಲಿಲ್ಲ ಅಷ್ಟೇ.

ಎಣಿಕೆ ಹೇಗಿರುತ್ತದೆ ಅಂತ ಒಂದು ಉದಾಹರಣೆ ಕೊಡುತ್ತೇನೆ. 1969ರಲ್ಲಿ ಪಾಮರ್ ಅನ್ನುವ ವಿಜ್ಞಾನಿ ಕೊಳಕು ತಾಳುವ 20 ಪಾಚಿ ಕುಲಗಳಿಗೆ 1ರಿಂದ 5ರವರೆಗೆ ಅಂಕ ಕೊಟ್ಟರು. ಯೂಗ್ಲೀನಾಗೆ 5, ಆಸಿಲ್ಲಟೋರಿಯಾಗೆ 5, ಸೆನೆಡೆಸ್ಮಸ್‌ಗೆ 4, ಕ್ಲೋರೆಲ್ಲಾಗೆ 3, ನಿಟ್ಶಿಯಾಗೆ 3. ಒಂದು ಮಿಲಿಲೀಟರಿನಲ್ಲಿ 50 ಅಥವಾ ಹೆಚ್ಚು ಸಿಕ್ಕರೆ ಆ ಕುಲವನ್ನು ಲೆಕ್ಕಕ್ಕೆ ಹಿಡಿಯಬೇಕು. ಒಟ್ಟು 20 ಅಥವಾ ಹೆಚ್ಚು ಬಂದರೆ ಸಾವಯವ ಕೊಳಕು ಜಾಸ್ತಿ ಇದೆ ಅಂತ ಅರ್ಥ. 15ರಿಂದ 19 ಬಂದರೆ ಇರುವ ಸಾಧ್ಯತೆ ಇದೆ. ಮೇಲೆ ಹೇಳಿದ ಐದನ್ನು ಕೂಡಿಸಿ ನೋಡಿ, ಸರಿಯಾಗಿ 20. ಡಿಗ್ರಿ ಎರಡನೇ ವರ್ಷದ ಹುಡುಗಿ ಒಂದು ಮಧ್ಯಾಹ್ನದಲ್ಲಿ ಮಾಡಬಹುದಾದ ಕೆಲಸ ಇದು.

ಆದರೆ ಪಾಮರ್ ಪಟ್ಟಿಯೊಂದನ್ನೇ ನಂಬಿ ಕೂರಬಾರದು. ಅದು ಚರಂಡಿಯಂಥ ಕೊಳಕಿಗೆ ಮಾಡಿದ ಪಟ್ಟಿ. ಅದರಲ್ಲಿ ಅನಾಸಿಸ್ಟಿಸ್ ಅಂತ ಕರೆದ ಗುಂಪಿಗೆ ಬರೀ 1 ಅಂಕ. ಇವತ್ತು ಜಗತ್ತಿನ ಜಲಾಶಯಗಳಲ್ಲಿ ನಿದ್ದೆಗೆಡಿಸಿರುವ, ನೀಲಿ-ಹಸಿರು ಪಾಚಿಗಳಲ್ಲಿ ಒಂದಾದ ಮೈಕ್ರೋಸಿಸ್ಟಿಸ್ ಆ ಕಾಲದಲ್ಲಿ ಆ ಹೆಸರಿನಡಿ ಇತ್ತು. ಅಂದರೆ ಒಂದು ಜಲಾಶಯ ಪೂರ್ತಿ ಮೈಕ್ರೋಸಿಸ್ಟಿಸ್‌ನಿಂದ ಹಸಿರಾಗಿದ್ದರೂ ಪಾಮರ್ ಲೆಕ್ಕದಲ್ಲಿ ಪಾಸ್ ಆಗಿಬಿಡಬಹುದು! ಹೊರದೇಶದ ಡಯಾಟಮ್ ಸೂಚ್ಯಂಕಗಳನ್ನೂ ಹಾಗೇ ಎತ್ತಿಕೊಂಡು ಬಂದು ಇಲ್ಲಿ ಕೂರಿಸಲು ಬರುವುದಿಲ್ಲ. ಅಲ್ಲಿಯ ಜಾತಿಗಳು, ಅಲ್ಲಿಯ ಚಳಿ ಬೇರೆ. ಅದಕ್ಕೇ ನಮಗೆ ನಮ್ಮದೇ ಲೆಕ್ಕ ಬೇಕು, ಅದೂ ಪ್ರತಿ ತಿಂಗಳದ್ದು, ಹಲವು ವರ್ಷಗಳದ್ದು.

ನಮ್ಮದು ಅಂತ ಯಾಕೆ ಒತ್ತಿ ಹೇಳುತ್ತೇನೆ ಅಂದರೆ ಇಲ್ಲಿಯ ನೀರಿನ ಸ್ವಭಾವವೇ ಬೇರೆ. ನಮ್ಮದು ಎರೆಮಣ್ಣು. ಜೂನ್, ಜುಲೈನಲ್ಲಿ ಮೊದಲ ಮಳೆ ಹೊಲ ತೊಳೆದುಕೊಂಡು ಬಂದಾಗ ಜಲಾಶಯದ ನೀರು ಕರಿ ಚಹಾದ ಬಣ್ಣಕ್ಕೆ ಬರುತ್ತದೆ. ಬೇರೆ ದೇಶಗಳಲ್ಲಿ ಸೆಕಿ ತಟ್ಟೆ ಅಂತ 20 ಸೆಂಟಿಮೀಟರ್ ಅಗಲದ ಕಪ್ಪು-ಬಿಳಿ ತಟ್ಟೆಯನ್ನು ಹಗ್ಗಕ್ಕೆ ಕಟ್ಟಿ ನೀರಿಗೆ ಇಳಿಸುತ್ತಾರೆ. ಎಷ್ಟು ಆಳಕ್ಕೆ ಅದು ಕಾಣದಾಗುತ್ತದೋ ಅದರಿಂದ ಪಾಚಿ ಎಷ್ಟಿದೆ ಅಂತ ಅಂದಾಜು ಮಾಡುತ್ತಾರೆ. ಕಾರ್ಲ್‌ಸನ್ 1977ರಲ್ಲಿ ಇದಕ್ಕೆ ಅಂತಲೇ ಒಂದು ಸೂತ್ರ ಕೊಟ್ಟಿದ್ದಾರೆ, 2 ಮೀಟರಿಗೆ ತಟ್ಟೆ ಮಾಯವಾದರೆ 50 ಅಂಕ, 1 ಮೀಟರಿಗಾದರೆ 60; ಅಂಕ ಏರಿದಷ್ಟೂ ಪಾಚಿ ಜಾಸ್ತಿ ಅಂತ ಲೆಕ್ಕ. ಆದರೆ ನಮ್ಮಲ್ಲಿ ಆಗಸ್ಟ್‌ನಲ್ಲಿ ತಟ್ಟೆ ಮೊಳ ಇಳಿಯುವುದರೊಳಗೆ ಮಾಯವಾದರೆ ಅದು ಪಾಚಿಯ ಕೆಲಸವೋ ಮಣ್ಣಿನ ಕೆಲಸವೋ ಹೇಗೆ ಹೇಳುವುದು? ಸ್ಲೈಡ್ ನೋಡಿಯೇ ಹೇಳಬೇಕು. ಉಪಗ್ರಹದ ಚಿತ್ರಕ್ಕೂ ಇದೇ ಪಾಡು, ಮೇಲಾಗಿ ಮಳೆಗಾಲದಲ್ಲಿ ಮೋಡ ಅಡ್ಡ. ಬೇಸಿಗೆಯಲ್ಲಿ ಮಾತ್ರ ಅದು ಒಳ್ಳೆ ಜೊತೆಗಾರ.

ಮಣ್ಣಿನ ಜೊತೆ ಡಿಎಪಿ, ಯೂರಿಯಾ ಕೂಡ ಬರುತ್ತದೆ. ತೊಗರಿಗೆ, ಕಬ್ಬಿಗೆ ಹಾಕಿದ್ದರಲ್ಲಿ ಒಂದು ಪಾಲು ಮಣ್ಣಿನ ಕಣಕ್ಕೆ ಅಂಟಿಕೊಂಡು ಜಲಾಶಯದ ತಳ ಸೇರುತ್ತದೆ. ಅಕ್ಟೋಬರ್ ಹೊತ್ತಿಗೆ ಮಣ್ಣು ಕೂತು ನೀರು ತಿಳಿಯಾಗುತ್ತದೆ, ಬೆಳಕು ಒಳಗೆ ಇಳಿಯುತ್ತದೆ. ಏಪ್ರಿಲ್, ಮೇನಲ್ಲಿ ಕಲಬುರಗಿಯ ಬಿಸಿಲು ನಿಮಗೆ ಹೇಳಬೇಕಿಲ್ಲ. ನೀರು ಇಳಿದು ಇಳಿದು ತಳ ಮುಟ್ಟುವ ಹೊತ್ತಿಗೆ ಮೇಲಿನ ನೀರು ಬಿಸಿ, ಕೆಳಗಿನ ನೀರಿಗೆ ಆಮ್ಲಜನಕ ಇಲ್ಲ. ಆಮ್ಲಜನಕ ಇಲ್ಲದ ಕೆಸರು ತಾನು ಹಿಡಿದಿಟ್ಟುಕೊಂಡ ರಂಜಕವನ್ನು ಬಿಟ್ಟುಕೊಡುತ್ತದೆ. ಬಿಸಿ, ನಿಂತ ನೀರು, ಬೆಳಕು, ರಂಜಕ. ನೀಲಿ-ಹಸಿರು ಪಾಚಿಗೆ ಇನ್ನೇನು ಬೇಕು? ಭೀಮಾ ನದಿಯ ಮಾತಂತೂ ಇನ್ನೂ ಬೇರೆ. ಪುಣೆ, ಪಿಂಪ್ರಿ-ಚಿಂಚವಾಡದ ಹೊಲಸನ್ನೂ ಸೇರಿಸಿಕೊಂಡು, ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಲ್ಲಿ ನಿಂತು, ಆಮೇಲೆ ಅಫಜಲಪುರಕ್ಕೆ ಬರುವ ನೀರು ಅದು.

ಇಲ್ಲೊಂದು ಅಡ್ಡ ಮಾತು. ಬೀದರ್‌ನ ಕರೇಜ್ ನೋಡಲು ಬಂದವರಿಗೆಲ್ಲ ಬಹಮನಿಗಳ ಕಾಲದ ಸುರಂಗ, ಪರ್ಶಿಯಾದ ವಿದ್ಯೆ ಅಂತ ತೋರಿಸುತ್ತೇವೆ. ಪಾಚಿಯವನ ಕಣ್ಣಿಗೆ ಅದರಲ್ಲಿ ಇನ್ನೊಂದು ಜಾಣತನ ಕಾಣುತ್ತದೆ. ನೆಲದೊಳಗೆ ಹರಿಯುವ ನೀರಿಗೆ ಬೆಳಕು ತಾಗುವುದು ಅಲ್ಲಲ್ಲಿ ಮಾತ್ರ, ಬೆಳಕಿಲ್ಲದ ಕಡೆ ಪಾಚಿ ಬೆಳೆಯುವುದಿಲ್ಲ. ಈಗ ನಾವು ಎಕರೆಗಟ್ಟಲೆ ನೀರನ್ನು ಬಿಸಿಲಿಗೆ ಬಿಚ್ಚಿಟ್ಟು ಕುಡಿಯುತ್ತಿದ್ದೇವೆ. ಬೇರೆ ದಾರಿಯೂ ಇಲ್ಲ ಅನ್ನಿ.

ನೀಲಿ-ಹಸಿರು ಪಾಚಿ ಅಂತ ನಾವು ಕರೆಯುವುದು ಅಸಲಿಗೆ ಬ್ಯಾಕ್ಟೀರಿಯಾ. ಅವುಗಳಲ್ಲಿ ಕೆಲವು ವಿಷ ಮಾಡುತ್ತವೆ. ಆಸ್ಟ್ರೇಲಿಯಾದ ಒಂದು ಕೆರೆಯಲ್ಲಿ ಇಂಥ ಕೆನೆ ಕಟ್ಟಿದ ನೀರು ಕುಡಿದು ದನ, ಕುರಿ ಸತ್ತದ್ದನ್ನು ಜಾರ್ಜ್ ಫ್ರಾನ್ಸಿಸ್ ಅನ್ನುವವರು 1878ರಲ್ಲೇ ಬರೆದಿದ್ದಾರೆ. 1996ರಲ್ಲಿ ಬ್ರೆಜಿಲಿನ ಕರುವಾರು ಅನ್ನುವ ಊರಿನಲ್ಲಿ ಡಯಾಲಿಸಿಸ್‌ಗೆ ಬಳಸಿದ ನೀರಿನಲ್ಲಿ ಮೈಕ್ರೋಸಿಸ್ಟಿನ್ ಅನ್ನುವ ಈ ವಿಷ ಸೇರಿ 50ಕ್ಕೂ ಹೆಚ್ಚು ರೋಗಿಗಳು ಸತ್ತರು. ಆ ನೀರು ಬಂದದ್ದು ಒಂದು ಜಲಾಶಯದಿಂದ. 2014ರ ಆಗಸ್ಟ್‌ನಲ್ಲಿ ಅಮೆರಿಕದ ಟೊಲೆಡೋ ನಗರದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನರಿಗೆ ನಲ್ಲಿ ನೀರು ಕುಡಿಯಬೇಡಿ ಅಂದರು. ಕಾಯಿಸಿ ಕುಡಿಯಿರಿ ಅಂತಲೂ ಹೇಳುವಂತಿರಲಿಲ್ಲ. ಈ ವಿಷ ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚಾಗುತ್ತದೆ. ನಮ್ಮ ಮನೆಗಳಲ್ಲಿ ನೀರಿನ ಬಗ್ಗೆ ಅನುಮಾನ ಬಂದರೆ ಮೊದಲು ಮಾಡುವ ಕೆಲಸವೇ ಕುದಿಸುವುದು, ಅಲ್ವಾ? ಕುಡಿಯುವ ನೀರಿನಲ್ಲಿ ಮೈಕ್ರೋಸಿಸ್ಟಿನ್-ಎಲ್‌ಆರ್ ಲೀಟರಿಗೆ 1 ಮೈಕ್ರೋಗ್ರಾಂ ದಾಟಬಾರದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆ 1998ರಿಂದ ಹೇಳುತ್ತಿರುವ ಮಾತು.

ಹೆದರಿಸಲು ಇದನ್ನೆಲ್ಲ ಹೇಳುತ್ತಿಲ್ಲ. ಕಾರಂಜಾದಲ್ಲೋ ಬೆಣ್ಣೆತೊರಾದಲ್ಲೋ ವಿಷ ಇದೆ ಅಂತ ನಾನು ಹೇಳುವುದೂ ಇಲ್ಲ. ಹಸಿರು ಕಂಡಲ್ಲೆಲ್ಲ ವಿಷ ಇರುವುದಿಲ್ಲ, ಹೆಚ್ಚಿನ ಪಾಚಿ ಮೀನಿಗೆ ಊಟ. ಯಾವುದು ಊಟ, ಯಾವುದು ಅಪಾಯ ಅಂತ ತಿಳಿಯಲು ನೋಡಬೇಕು.

ಒಂದು ಬೇಸಿಗೆಯಲ್ಲಿ ಪರಿಚಯದ ಮೀನುಗಾರರೊಬ್ಬರು ಫೋನ್ ಮಾಡಿದ್ದರು. "ಸರ್, ನೀರಿನ ಮ್ಯಾಲ ಹಸರ ಪೇಂಟ್ ಚೆಲ್ಲಿದಂಗ ಆಗ್ಯಾದ್ರಿ, ಒಮ್ಮೆ ಬಂದ್ ನೋಡ್ರಿ" ಅಂದರು. ಯಾವ ಕೆರೆ ಅಂತ ಇಲ್ಲಿ ಬೇಡ. ಹೋಗಿ ನೋಡಿದೆ. ಗಾಳಿ ಬೀಸುವ ದಿಕ್ಕಿನ ಒಂದು ದಂಡೆಗೆ ಮಾತ್ರ ಹಸಿರು ಕೆನೆ ಒತ್ತಿಕೊಂಡಿತ್ತು, ಎದುರು ದಂಡೆಯ ನೀರು ತಿಳಿಯಾಗಿತ್ತು. ಕೋಲು ಅದ್ದಿ ಎತ್ತಿದೆ. ನೂಲಿನಂಥ ಪಾಚಿಯಾಗಿದ್ದರೆ ಕೋಲಿಗೆ ಎಳೆಎಳೆಯಾಗಿ ಜೋತುಬೀಳಬೇಕಿತ್ತು. ಇದು ಕೋಲಿಗೆ ಬಣ್ಣ ಬಳಿದಂತೆ ಹತ್ತಿಕೊಂಡಿತು. ಒಂದು ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ತುಂಬಿ ತಂದು ಕಿಟಕಿಯಲ್ಲಿ ಅಲುಗಿಸದೆ ಇಟ್ಟೆ. ಬೆಳಗ್ಗೆ ನೋಡಿದರೆ ಹಸಿರೆಲ್ಲ ಬಾಟಲಿಯ ಕುತ್ತಿಗೆಗೆ ಬಂದು ನಿಂತಿತ್ತು, ಕೆಳಗೆ ಬರೀ ನೀರು. ಮೈಕ್ರೋಸಿಸ್ಟಿಸ್‌ನಂಥವುಗಳ ಕೋಶದೊಳಗೆ ಗಾಳಿಯ ಪುಟ್ಟ ಚೀಲಗಳಿರುತ್ತವೆ, ಅದಕ್ಕೇ ಅವು ಮೇಲೆ ಬರುತ್ತವೆ. ಡಯಾಟಮ್ ಆಗಿದ್ದರೆ ತಳದಲ್ಲಿ ಕಂದಾಗಿ ಕೂತಿರುತ್ತಿತ್ತು. ಸ್ಲೈಡ್ ಮೇಲೆ ನೋಡಿದಾಗ ಅನುಮಾನ ಉಳಿಯಲಿಲ್ಲ. ಆಕಾರವಿಲ್ಲದ ಲೋಳೆಯ ಮುದ್ದೆ, ಅದರ ತುಂಬ ಕಪ್ಪಗೆ ಕಾಣುವ ಸಣ್ಣ ಗುಂಡುಗಳು.

ಅದನ್ನು ಬರೆದುಕೊಂಡು ಸಂಬಂಧಪಟ್ಟ ಒಂದು ಕಚೇರಿಗೆ ಹೋದೆ. ಅಲ್ಲಿದ್ದವರು ಒಳ್ಳೆಯವರೇ, ಕೂರಿಸಿ ಚಹಾ ಕೊಟ್ಟರು. ಫಾರಂ ತೆಗೆದು ಮೇಲಿಂದ ಕೆಳಗೆ ಬೆರಳಾಡಿಸಿದರು. "ಸರ್, ಇದರಾಗ ಪಾಚಿಗ ಕಾಲಂ ಇಲ್ಲಲ್ರಿ, ಎಲ್ಲಿ ಬರಿಲಿ?" ಅಂದರು. ತಪ್ಪು ಅವರದ್ದಲ್ಲ. ಕೊನೆಗೆ ಷರಾ ಅನ್ನುವ ಕಡೆ "ನೀರು ಹಸಿರು ಬಣ್ಣ" ಅಂತ ಬರೆದುಕೊಂಡರು.

ಆ ಮೂರು ಪದದಿಂದ ನೀರು ಶುದ್ಧೀಕರಣ ಘಟಕ ನಡೆಸುವವರಿಗೆ ಏನೂ ತಿಳಿಯುವುದಿಲ್ಲ. ಅವರಿಗೆ ತಿಳಿಯಲೇಬೇಕಾದ ವಿಷಯ ಇದು. ಇಡೀ ಕೋಶವನ್ನು ಒಡೆಯದೆ ಆಲಂ ಹಾಕಿ ಕೂರಿಸಿ, ಸೋಸಿ ತೆಗೆದರೆ ಕೋಶದ ಜೊತೆ ವಿಷವೂ ಬಹುಪಾಲು ಹೊರಗೆ ಹೋಗುತ್ತದೆ. ಅದರ ಬದಲು ನೀರು ಬಂದ ಕೂಡಲೇ ಮೊದಲೇ ಕ್ಲೋರಿನ್ ಸುರಿದರೆ ಕೋಶ ಒಡೆದು ವಿಷ ನೀರಿಗೆ ಬಿಡುತ್ತದೆ. ಜಲಾಶಯಕ್ಕೆ ಮೈಲುತುತ್ತ ಹಾಕಿ ಪಾಚಿ ಕೊಂದರೂ ಇದೇ ಆಗುತ್ತದೆ, ಹಸಿರು ಹೋಗಿ ನೀರು ಚೆಂದ ಕಾಣುತ್ತದೆ, ಒಳಗಿನದ್ದು ಹೊರಗೆ ಬಂದಿರುತ್ತದೆ. ಕೆನೆ ಮೇಲೆ ತೇಲುತ್ತದೆ ಅಂತ ಗೊತ್ತಿದ್ದರೆ ನೀರೆತ್ತುವ ಬಾವಿಯಾದ ಜಾಕ್‌ವೆಲ್‌ಗೆ ಸ್ವಲ್ಪ ಕೆಳಗಿನ ಮಟ್ಟದಿಂದ ನೀರು ಎಳೆಯಬಹುದು. ಬಂದಿರುವುದು ನೀಲಿ-ಹಸಿರು ಅಲ್ಲ, ಸಿನೆಡ್ರಾದಂಥ ಉದ್ದನೆಯ ಡಯಾಟಮ್ ಅಂತಾದರೆ ತೊಂದರೆ ವಿಷದ್ದಲ್ಲ, ಫಿಲ್ಟರ್ ಬೆಡ್ ಕಟ್ಟಿಕೊಳ್ಳುವುದು. ಅದಕ್ಕೆ ಬೇರೆ ಮದ್ದು. ನಲ್ಲಿ ನೀರಿಗೆ ಮಣ್ಣಿನ ವಾಸನೆ ಬರುತ್ತಿದೆ ಅಂತ ಜನ ಬೈಯುವುದುಂಟಲ್ಲ, ಅದಕ್ಕೂ ಹಲವು ಸಲ ಕಾರಣ ಇವೇ ನೀಲಿ-ಹಸಿರು ಪಾಚಿಗಳು ಬಿಡುವ ಜಿಯೋಸ್ಮಿನ್. ನಮ್ಮ ಮೂಗಿಗೆ ಅದು ಲೀಟರಿಗೆ ಹತ್ತು ನ್ಯಾನೋಗ್ರಾಂ ಆಸುಪಾಸಿನಲ್ಲೇ ಹತ್ತುತ್ತದೆ. ಯಾರು ಬಂದಿದ್ದಾರೆ ಅಂತ ಹೆಸರು ತಿಳಿಯದೆ ಇವುಗಳಲ್ಲಿ ಒಂದನ್ನೂ ಸರಿಯಾಗಿ ಮಾಡಲಾಗದು.

ಇನ್ನು ಮಾಡುವುದು ಹೇಗೆ? ನೋಡುವ ಕಣ್ಣು, ನೋಡುವ ಯಂತ್ರ ಎರಡೂ ಇಲ್ಲೇ ಇವೆ. ಕಲಬುರಗಿಯಲ್ಲಿ 1980ರಿಂದ ವಿಶ್ವವಿದ್ಯಾಲಯ ಇದೆ. ಆಳಂದ ರಸ್ತೆಯ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಬೀದರ್‌ನಲ್ಲಿರುವ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಹೆಸರಿನಲ್ಲೇ ಮೀನುಗಾರಿಕೆಯೂ ಇದೆ. ಮೂರೂ ಜಿಲ್ಲೆಗಳ ಡಿಗ್ರಿ ಕಾಲೇಜುಗಳ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಲ್ಯಾಬುಗಳಲ್ಲಿ ಸೂಕ್ಷ್ಮದರ್ಶಕಗಳು ಪರೀಕ್ಷೆ ಇಲ್ಲದ ದಿನ ಕವರ್ ಹಾಕಿಕೊಂಡು ಕೂತಿರುತ್ತವೆ. ಎಣಿಸಲು ಸೆಡ್ಜ್‌ವಿಕ್-ರಾಫ್ಟರ್ ಅನ್ನುವ ಒಂದು ಸ್ಲೈಡ್ ಬೇಕು. 50 ಮಿಲಿಮೀಟರ್ ಉದ್ದ, 20 ಅಗಲ, 1 ಮಿಲಿಮೀಟರ್ ಆಳದ ತೊಟ್ಟಿ ಅದು, ಸರಿಯಾಗಿ ಒಂದು ಮಿಲಿಲೀಟರ್ ಹಿಡಿಯುತ್ತದೆ. ಸ್ಯಾಂಪಲ್ ಕೆಡದಂತೆ ಇಡಲು ಲುಗಾಲ್ ಅಯೋಡಿನ್, ನೀರು ತೆಳು ಚಹಾದ ಬಣ್ಣಕ್ಕೆ ಬರುವಷ್ಟು ಹನಿ ಸಾಕು, ಆಮೇಲೆ ಬಾಟಲಿಯನ್ನು ಕತ್ತಲಲ್ಲಿಡಬೇಕು. ಡಯಾಟಮ್‌ಗೆ ದಂಡೆಯ ಕಲ್ಲನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ತೆಗೆದರಾಯಿತು. ಇದರಲ್ಲಿ ಯಾವುದೂ ದುಬಾರಿ ಸಾಮಾನಲ್ಲ. ಸಂವಿಧಾನದ 371(ಜೆ) ವಿಧಿ ಬಂದಮೇಲೆ ಈ ಭಾಗಕ್ಕೆ ಅಂತ ಹಣ ಬರುತ್ತಿದೆ, 2023-24ರ ಬಜೆಟ್ಟಿನಲ್ಲಿ ನಿಮ್ಮ ಮಂಡಳಿಗೆ 5,000 ಕೋಟಿ ರೂಪಾಯಿ ಅಂತ ಹೇಳಿದ್ದರು. ನಾನು ಕೇಳುವುದು ಅದರಲ್ಲಿ ಲೆಕ್ಕಕ್ಕೂ ಸಿಗದಷ್ಟು.

ದುಡ್ಡಿಗಿಂತ ಬೇಕಾದದ್ದು ಒಂದು ಆದೇಶ. ಈಗ ಕಾಲೇಜಿನವರು ಜಲಾಶಯದ ದೋಣಿ ಹತ್ತಬೇಕೆಂದರೆ ಯಾರ ಒಪ್ಪಿಗೆ ಕೇಳಬೇಕು ಅನ್ನುವುದೇ ಒಂದು ಸಂಶೋಧನೆ. ಪ್ರತಿ ಜಲಾಶಯಕ್ಕೆ ಒಂದು ಕಾಲೇಜು ಅಂತ ಜೋಡಿ ಮಾಡಿ. ಜಾಕ್‌ವೆಲ್ ಹತ್ತಿರ, ನಡುನೀರಿನಲ್ಲಿ, ನದಿ ಬಂದು ಸೇರುವ ಕಡೆ, ಗಾಳಿ ಕೆನೆ ತಳ್ಳುವ ದಂಡೆಯಲ್ಲಿ, ಹೀಗೆ ಜಾಗ ಗೊತ್ತು ಮಾಡಿ. ಒಂದೇ ದಂಡೆಯಲ್ಲಿ ತೆಗೆದರೆ ಏನಾಗುತ್ತದೆ ಅಂತ ಆಗಲೇ ಹೇಳಿದೆ. ಹುಡುಗರಿಗೆ ಓಡಾಟದ ಖರ್ಚು, ಸ್ವಲ್ಪ ಸ್ಟೈಪೆಂಡ್ ಕೊಡಿ. ಹೆಸರಿನಲ್ಲಿ ಅನುಮಾನ ಬಂದ ಸ್ಲೈಡುಗಳನ್ನು ವಿಶ್ವವಿದ್ಯಾಲಯದವರು ನೋಡಿ ಸರಿಪಡಿಸಲಿ, ಯಾಕೆಂದರೆ ಪಾಚಿ ಗುರುತಿಸುವುದರಲ್ಲಿ ಎಡವುವುದು ಸುಲಭ. ಎಣಿಕೆ ಏರಿದರೆ ಏನು ಮಾಡಬೇಕು ಅನ್ನುವುದೂ ಮೊದಲೇ ಗೊತ್ತಿರಬೇಕು. ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹಂತಗಳನ್ನು ಹೇಳಿದೆ. ನೀಲಿ-ಹಸಿರು ಕೋಶಗಳು ಮಿಲಿಲೀಟರಿಗೆ 2,000 ಮುಟ್ಟಿದರೆ ಮೊದಲ ಎಚ್ಚರಿಕೆ, 1,00,000 ಮುಟ್ಟಿದರೆ ಎರಡನೆಯದು. ಮೊದಲ ಗಂಟೆ ಬಾರಿಸಿದಾಗ ನೀರನ್ನು ವಿಷದ ಪರೀಕ್ಷೆಗೆ ಕಳಿಸಿ. ಆ ದುಬಾರಿ ಪರೀಕ್ಷೆ ಪ್ರತಿ ತಿಂಗಳು ಬೇಕಾಗುವುದಿಲ್ಲ, ಅಗ್ಗದ ಸೂಕ್ಷ್ಮದರ್ಶಕ ಹೇಳಿದಾಗ ಸಾಕು.

"ಕೇಂದ್ರ ಮಂಡಳಿಯವರೇ ತಳದ ಹುಳುಗಳನ್ನು ನೋಡಿ ನೀರಿಗೆ ದರ್ಜೆ ಕೊಡುವ ಪದ್ಧತಿ ಮಾಡಿದ್ದಾರಲ್ಲ, ಪಾಚಿ ಯಾಕೆ" ಅಂತ ಬಲ್ಲವರು ಕೇಳಬಹುದು. ಹರಿಯುವ ಹೊಳೆಗೆ ಆ ಪದ್ಧತಿ ಬಹಳ ಚೆನ್ನ. ನಮ್ಮ ಜಲಾಶಯಗಳ ದಂಡೆ ಮಾತ್ರ ವರ್ಷಕ್ಕೊಮ್ಮೆ ಮೀಟರುಗಟ್ಟಲೆ ಹಿಂದೆ ಸರಿದು ಒಣಗಿ ಬಿರುಕು ಬಿಡುತ್ತದೆ. ಅಲ್ಲಿ ಹುಳು ನೆಲೆ ನಿಲ್ಲುವುದು ಕಷ್ಟ. ತೇಲುವ ಪಾಚಿ ನೀರು ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೆ ಇರುತ್ತದೆ.

ಇನ್ನೊಂದು ಪ್ರಶ್ನೆ ನಿಮ್ಮ ಬಾಯಲ್ಲಿ ಬರದಿದ್ದರೂ ಮನಸ್ಸಿನಲ್ಲಿ ಬರುತ್ತದೆ. ಲೆಕ್ಕ ಹೊರಗೆ ಹಾಕಿದರೆ ಜನ ಗಾಬರಿ ಬೀಳುತ್ತಾರೆ, ಟಿವಿಯವರು ಮೈಕ್ ಹಿಡಿದು ದಂಡೆಗೆ ಬರುತ್ತಾರೆ ಅಂತ. ಮೊದಲ ಒಂದೆರಡು ಸಲ ಬರಬಹುದು. ಮಳೆಗಾಲದ ಕ್ಯೂಸೆಕ್ ಲೆಕ್ಕಕ್ಕೆ ನಮ್ಮ ಜನ ಗಾಬರಿ ಬೀಳುವುದಿಲ್ಲ, ಯಾಕೆಂದರೆ ಅದನ್ನು ದಿನಾ ಓದಿ ಓದಿ ಎಷ್ಟಕ್ಕೆ ಚಿಂತೆ ಮಾಡಬೇಕು ಅಂತ ಕಲಿತಿದ್ದಾರೆ. ಪಾಚಿಯ ಲೆಕ್ಕವನ್ನೂ ಕಲಿಯುತ್ತಾರೆ. ಎಮ್ಮೆಯನ್ನು ಯಾವ ದಂಡೆಗೆ ಹೊಡೆಯಬಾರದು ಅಂತ ತಿಳಿಯುವುದು ರೈತನಿಗೆ ಸಣ್ಣ ಉಪಕಾರವೇನಲ್ಲ. ಸುಮ್ನೆ ಮುಚ್ಚಿಟ್ಟರೆ ಒಂದು ದಿನ ವಾಟ್ಸಾಪ್‌ನಲ್ಲಿ ಹಸಿರು ನೀರಿನ ಫೋಟೊ ಓಡಾಡುತ್ತದೆ, ಆಗ ನಿಮ್ಮ ಹತ್ತಿರ ತೋರಿಸಲು ಹಳೆಯ ಲೆಕ್ಕವೇ ಇರುವುದಿಲ್ಲ.

ಪಾಚಿ ಎಣಿಸಿದರೆ ನೀರು ಶುದ್ಧವಾಗಿಬಿಡುವುದಿಲ್ಲ, ಅದು ನನಗೂ ಗೊತ್ತು. ಚರಂಡಿ ನೀರು ತಡೆಯಬೇಕು, ಗೊಬ್ಬರ ಹಿಡಿತದಲ್ಲಿ ಹಾಕಬೇಕು, ಜಲಾಶಯದ ಸುತ್ತ ಹುಲ್ಲಿನ ಪಟ್ಟಿ ಬೆಳೆಸಬೇಕು. ಅವೆಲ್ಲ ದೊಡ್ಡ ದುಡ್ಡಿನ, ಹಲವು ವರ್ಷಗಳ ಕೆಲಸ. ಅಷ್ಟು ದುಡ್ಡು ಸುರಿದ ಮೇಲೆ ನೀರು ಸುಧಾರಿಸಿತೋ ಇಲ್ಲವೋ ಅಂತ ಯಾವುದನ್ನು ನೋಡಿ ಹೇಳುತ್ತೀರಿ? ಇವತ್ತಿನ ಲೆಕ್ಕ ಇಲ್ಲದಿದ್ದರೆ ನಾಳೆಯದ್ದನ್ನು ಯಾವುದಕ್ಕೆ ಹೋಲಿಸುವುದು?

ಎಲ್ಲ ಜಲಾಶಯಗಳನ್ನೂ ಒಟ್ಟಿಗೆ ಹಿಡಿಯಬೇಕೆಂದಿಲ್ಲ. ಕಾರಂಜಾ, ಬೆಣ್ಣೆತೊರಾ, ನಾರಾಯಣಪುರ, ಜಿಲ್ಲೆಗೊಂದರಂತೆ ಮೂರರಿಂದ ಶುರು ಮಾಡಿ. ಮೊದಲ ಸ್ಯಾಂಪಲ್ ಮೇ ತಿಂಗಳಲ್ಲಿ ಆಗಲಿ, ನೀರು ತೀರಾ ಇಳಿದಾಗ, ಮಳೆ ಬರುವ ಮುಂಚೆ. ಬೆಳಗಿನ ಜಾವವೇ ಹೋಗಬೇಕು, ಆಮ್ಲಜನಕವನ್ನೂ ಆಗಲೇ ಅಳೆಯಬೇಕು. ಕಾರಂಜಾಕ್ಕಾದರೆ ನಾನೂ ಬರುತ್ತೇನೆ, ಹುಡುಗರನ್ನೂ ಬಾಟಲಿಗಳನ್ನೂ ಕರೆದುಕೊಂಡು. ದೋಣಿಯೊಂದನ್ನು ನೀವು ಕೊಡಿಸಬೇಕು.

ಇಂತಿ ತಮ್ಮ ವಿಶ್ವಾಸಿ,
ಸಸ್ಯಶಾಸ್ತ್ರದ ಒಬ್ಬ ಮಾಸ್ತರ
ಬೀದರ್ ಜಿಲ್ಲೆ